ಕೀಲುಬೇನೆಯವರ ಕಾಲಿನ ಬಾವು: ಹೆಪ್ಪುಗಟ್ಟುವ ರಕ್ತದ ಮೇಲೊಂದು ಕಣ್ಣಿರಲಿ

ಪಟ್ಟದಕಲ್ಲು: ವರ್ಷಗಟ್ಟಲೆ ಕೀಲುಬೇನೆಯಿಂದ ನರಳುತ್ತಿರುವವರ ಒಂದು ಕಾಲು ಮಾತ್ರ ಇದ್ದಕ್ಕಿದ್ದಂತೆ ಬಾತುಕೊಂಡು ಮೀನಖಂಡದಲ್ಲಿ ಸೆಳೆತ ಕಾಣಿಸಿಕೊಂಡರೆ ಮನೆಯವರು ಅಷ್ಟಾಗಿ ಗಾಬರಿಯಾಗುವುದಿಲ್ಲ. ಹಳೆಯ ಬೇನೆ ಮರುಕಳಿಸಿತೆಂದು ತಿಳಿದು ಎಣ್ಣೆ ಕಾಯಿಸಿ ತಿಕ್ಕುತ್ತಾರೆ, ಬಿಸಿನೀರಿನ ಶಾಖ ಕೊಡುತ್ತಾರೆ, ಔಷಧದ ಅಂಗಡಿಯಿಂದ ನೋವಿನ ಮಾತ್ರೆ ತರಿಸುತ್ತಾರೆ. ಆದರೆ ಆ ಬಾವು ಕೀಲಿನದ್ದಾಗಿರದೆ, ಕಾಲಿನ ಆಳದಲ್ಲಿ ಹರಿಯುವ ಅಭಿಧಮನಿಯೊಳಗೆ ಹೆಪ್ಪುಗಟ್ಟಿದ ರಕ್ತದಿಂದ ಬಂದದ್ದಾಗಿರಬಹುದು. ದೀರ್ಘಕಾಲದ ಉರಿಯೂತದ ಕಾಯಿಲೆಗಳು ಕೀಲು, ಚರ್ಮ, ಕರುಳುಗಳನ್ನು ಮಾತ್ರ ಕಾಡುವುದಿಲ್ಲ, ರಕ್ತವನ್ನೂ ಹೆಪ್ಪಿನ ಕಡೆಗೆ ವಾಲಿಸುತ್ತವೆ ಎಂಬುದು ಕಳೆದ ಎರಡು ದಶಕಗಳ ಸಂಶೋಧನೆಯಿಂದ ದೃಢಪಟ್ಟಿದೆ.

ಮಲಪ್ರಭೆಯ ದಂಡೆಯ ಈ ಸೀಮೆಗೆ ಆ ಸಂಗತಿ ಹೆಚ್ಚಿನ ಗಮನಕ್ಕೆ ಅರ್ಹವಾದುದು. ಬಾದಾಮಿ, ಹುನಗುಂದ, ಇಳಕಲ್ಲ ಭಾಗದ ಜನರ ದುಡಿಮೆಯಲ್ಲಿ ಕಲ್ಲಿಗೂ ಮಗ್ಗಕ್ಕೂ ದೊಡ್ಡ ಪಾಲಿದೆ. ಅವುಗಳಲ್ಲಿ ಕಲ್ಲಿನ ಕೆಲಸಕ್ಕೂ ಉರಿಯೂತದ ಕಾಯಿಲೆಗೂ ಇರುವ ನಂಟನ್ನು ವೈದ್ಯಶಾಸ್ತ್ರ ಒಂದು ಶತಮಾನದ ಹಿಂದೆಯೇ ಗುರುತಿಸಿದೆ.

ಹೆಪ್ಪು ಹೇಗೆ ಕಟ್ಟುತ್ತದೆ?

ಗಾಯವಾದಾಗ ರಕ್ತ ಹೆಪ್ಪುಗಟ್ಟದಿದ್ದರೆ ಮನುಷ್ಯ ಬದುಕುವಂತಿಲ್ಲ. ಅದೇ ರಕ್ತ ಗಾಯವಿಲ್ಲದ ನಾಳದೊಳಗೆ ಹೆಪ್ಪುಗಟ್ಟಿದರೆ ಆಪತ್ತು. ಕಾಲಿನ ಆಳದ ಅಭಿಧಮನಿಯಲ್ಲಿ ಕಟ್ಟಿದ ಹೆಪ್ಪಿನ ತುಂಡೊಂದು ಕಳಚಿಕೊಂಡು, ರಕ್ತದೊಂದಿಗೆ ಮೇಲೇರಿ, ಹೃದಯವನ್ನು ಹಾದು ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಉಸಿರಾಟಕ್ಕೇ ಸಂಚಕಾರ ಬರುತ್ತದೆ. ದೊಡ್ಡ ತುಂಡಾದರೆ ಕೆಲವೇ ನಿಮಿಷಗಳಲ್ಲಿ ಸಾವು ಸಂಭವಿಸಬಹುದು.

ಜರ್ಮನಿಯ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಶೋ 1856ರಲ್ಲಿ ಪ್ರಕಟಿಸಿದ ಬರಹಗಳ ಆಧಾರದ ಮೇಲೆ ಹೆಪ್ಪಿಗೆ ಮೂರು ಕಾರಣಗಳನ್ನು ಇಂದಿಗೂ ವೈದ್ಯ ವಿದ್ಯಾರ್ಥಿಗಳಿಗೆ ಹೇಳಿಕೊಡಲಾಗುತ್ತದೆ. ರಕ್ತದ ಹರಿವು ನಿಧಾನವಾಗುವುದು ಒಂದು, ನಾಳದ ಒಳಗೋಡೆ ಘಾಸಿಗೊಳ್ಳುವುದು ಇನ್ನೊಂದು, ರಕ್ತವೇ ಹೆಪ್ಪಿಗೆ ಹದವಾಗಿರುವುದು ಮತ್ತೊಂದು. ದೀರ್ಘಕಾಲದ ಉರಿಯೂತದ ವಿಶೇಷವೆಂದರೆ ಅದು ಈ ಮೂರನ್ನೂ ಒಟ್ಟಿಗೇ ಉಂಟುಮಾಡಬಲ್ಲದು. ನೋವಿನಿಂದ ರೋಗಿ ಹಾಸಿಗೆ ಹಿಡಿಯುತ್ತಾನೆ, ಹರಿವು ನಿಧಾನಗೊಳ್ಳುತ್ತದೆ. ಉರಿಯೂತದ ರಾಸಾಯನಿಕಗಳು ನಾಳದ ಗೋಡೆಯನ್ನು ಕೆರಳಿಸುತ್ತವೆ. ಮೂರನೆಯದು, ಎಂದರೆ ರಕ್ತದ ಗುಣವೇ ಬದಲಾಗುವುದು, ಕಣ್ಣಿಗೆ ಕಾಣದಂತೆ ನಡೆಯುತ್ತದೆ.

ಇಎಸ್‌ಆರ್ ಚೀಟಿಯಲ್ಲಿ ಅಡಗಿರುವ ಸುಳಿವು

ಕಣ್ಣಿಗೆ ಕಾಣದ ಆ ಬದಲಾವಣೆಯ ಸುಳಿವು ಬಹುತೇಕ ಕೀಲುಬೇನೆಯ ರೋಗಿಗಳ ಕೈಚೀಲದಲ್ಲಿಯೇ ಇರುತ್ತದೆ. ಸಣ್ಣ ಊರುಗಳ ಪ್ರಯೋಗಾಲಯದಲ್ಲೂ ಅಗ್ಗದ ದರಕ್ಕೆ ನಡೆಯುವ ಇಎಸ್‌ಆರ್ ಪರೀಕ್ಷೆಯ ಚೀಟಿಯೇ ಅದು. ಸಪುರವಾದ ಗಾಜಿನ ಕೊಳವೆಯಲ್ಲಿ ರಕ್ತವನ್ನು ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ರಕ್ತಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂದು ಅಳೆಯುವ ಸರಳ ಪರೀಕ್ಷೆ ಇದು. ಉರಿಯೂತ ಹೆಚ್ಚಿದ್ದಷ್ಟೂ ಕಣಗಳು ಬೇಗ ಇಳಿಯುತ್ತವೆ.

ಬೇಗ ಇಳಿಯುವುದೇಕೆ? ಉರಿಯೂತವಿದ್ದಾಗ ಇಂಟರ್‌ಲ್ಯೂಕಿನ್-6 ಮೊದಲಾದ ಸಂದೇಶವಾಹಕ ರಾಸಾಯನಿಕಗಳು ಯಕೃತ್ತನ್ನು ಪ್ರಚೋದಿಸುತ್ತವೆ. ಯಕೃತ್ತು ಫೈಬ್ರಿನೊಜೆನ್ ಎಂಬ ಪ್ರೋಟೀನನ್ನು ಎಂದಿಗಿಂತ ಹೆಚ್ಚು ತಯಾರಿಸುತ್ತದೆ. ಆ ಪ್ರೋಟೀನು ಹೆಚ್ಚಾದಾಗ ಕೆಂಪು ಕಣಗಳು ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಅಂಟಿಕೊಂಡು, ಭಾರವಾಗಿ, ಬೇಗ ತಳ ಸೇರುತ್ತವೆ. ಈ ಫೈಬ್ರಿನೊಜೆನ್ ಬೇರೆ ಯಾವುದೂ ಅಲ್ಲ, ರಕ್ತದ ಹೆಪ್ಪು ಹೆಣೆಯಲ್ಪಡುವ ಎಳೆಗಳ ಕಚ್ಚಾ ಸಾಮಗ್ರಿ. ನೇಕಾರನ ಮನೆಯಲ್ಲಿ ನೂಲಿನ ದಾಸ್ತಾನು ಹೆಚ್ಚಿದಂತೆ ಇದು. ಮಗ್ಗ ಓಡತೊಡಗಿದರೆ ಬಟ್ಟೆ ಬೇಗ ಸಿದ್ಧವಾಗುತ್ತದೆ. ಕೀಲುಬೇನೆಯ ತೀವ್ರತೆಯನ್ನಷ್ಟೇ ಹೇಳುತ್ತದೆಂದು ರೋಗಿಗಳು ತಿಳಿದಿರುವ ಅಂಕಿ ಹೆಪ್ಪಿನ ಸಾಮಗ್ರಿಯ ಬಗೆಗೂ ಪರೋಕ್ಷವಾಗಿ ಏನನ್ನೋ ಹೇಳುತ್ತಿರುತ್ತದೆ. ಹಾಗೆಂದು ಇಎಸ್‌ಆರ್ ಹೆಚ್ಚಿದವರಿಗೆಲ್ಲ ಹೆಪ್ಪುಗಟ್ಟುತ್ತದೆ ಎಂದಲ್ಲ. ರಕ್ತಹೀನತೆ, ವಯಸ್ಸು, ಗರ್ಭ ಇವೆಲ್ಲವೂ ಆ ಅಂಕಿಯನ್ನು ಏರಿಸುತ್ತವೆ. ಹೆಪ್ಪನ್ನು ಪತ್ತೆ ಮಾಡುವ ಪರೀಕ್ಷೆಯೂ ಅದಲ್ಲ.

ಸಾಮಗ್ರಿ ಹೆಚ್ಚಾಗುವುದರ ಜೊತೆಗೆ ತಡೆಯುವ ಶಕ್ತಿಯೂ ಕುಂದುತ್ತದೆ. ಆರೋಗ್ಯವಂತ ರಕ್ತನಾಳದ ಒಳಗೋಡೆ ಹೆಪ್ಪುಗಟ್ಟದಂತೆ ಕಾಯುವ ಕೆಲವು ಪ್ರೋಟೀನುಗಳನ್ನು ಇಟ್ಟುಕೊಂಡಿರುತ್ತದೆ. ಉರಿಯೂತದಲ್ಲಿ ಅವು ಕಡಿಮೆಯಾಗುತ್ತವೆ. ಕಟ್ಟಿದ ಹೆಪ್ಪನ್ನು ಕರಗಿಸುವ ದೇಹದ ವ್ಯವಸ್ಥೆಯೂ ಮಂದವಾಗುತ್ತದೆ. ಬಿಳಿ ರಕ್ತಕಣಗಳು ಸೂಕ್ಷ್ಮಜೀವಿಗಳನ್ನು ಹಿಡಿಯಲು ತಮ್ಮದೇ ಡಿಎನ್‌ಎ ಎಳೆಗಳನ್ನು ಬಲೆಯಂತೆ ಬೀಸುತ್ತವೆ ಎಂಬುದು 2004ರಲ್ಲಿ ಬೆಳಕಿಗೆ ಬಂತು. ಅದೇ ಬಲೆ ಹೆಪ್ಪಿಗೂ ಹಂದರವಾಗುತ್ತದೆ ಎಂದು 2010ರ ಹೊತ್ತಿಗೆ ತಿಳಿದುಬಂತು. ಸೋಂಕು ಹರಡದಂತೆ ತಡೆಗೋಡೆ ಕಟ್ಟುವ ಪುರಾತನ ರಕ್ಷಣಾ ವಿಧಾನವಿದು. ಸಂಧಿವಾತದಂಥ ಕಾಯಿಲೆಯಲ್ಲಿ ಶತ್ರುವೇ ಇಲ್ಲದೆ ಈ ಯುದ್ಧ ವರ್ಷಾನುಗಟ್ಟಲೆ ನಡೆಯುತ್ತಿರುತ್ತದೆ. 2020 ಮತ್ತು 2021ರಲ್ಲಿ ಕೋವಿಡ್ ರೋಗಿಗಳಿಗೆ ಹೆಪಾರಿನ್ ಚುಚ್ಚುಮದ್ದು ಕೊಟ್ಟದ್ದೂ, ಡಿ-ಡೈಮರ್ ಎಂಬ ಪರೀಕ್ಷೆಯ ಹೆಸರು ಮನೆಮಾತಾದದ್ದೂ ಇದೇ ತತ್ತ್ವದ ಮೇಲೆ.

ಅಪಾಯ ಎಷ್ಟು?

ಸ್ವೀಡನ್ ದೇಶದಲ್ಲಿ ಆಸ್ಪತ್ರೆಯ ದಾಖಲೆಗಳನ್ನು ದಶಕಗಳಿಂದ ಒಂದೆಡೆ ಕಾಯ್ದಿಟ್ಟಿರುವುದರಿಂದ ಈ ಪ್ರಶ್ನೆಗೆ ಉತ್ತರಗಳು ಬಹುಪಾಲು ಅಲ್ಲಿಂದಲೇ ಬಂದಿವೆ. 1964ರಿಂದ 2008ರವರೆಗಿನ ದಾಖಲೆಗಳಲ್ಲಿ ಸ್ವಯಂ ಪ್ರತಿರಕ್ಷಣಾ ಕಾಯಿಲೆಗಳಿಂದ ಆಸ್ಪತ್ರೆ ಸೇರಿದ್ದ ಐದು ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಆಸ್ಪತ್ರೆ ಸೇರಿದ ಮೊದಲ ವರ್ಷದಲ್ಲಿ ಶ್ವಾಸಕೋಶದ ಹೆಪ್ಪಿನ ಅಪಾಯ ಇತರರಿಗಿಂತ ಸುಮಾರು ಆರು ಪಟ್ಟು ಹೆಚ್ಚಿತ್ತು. ವರ್ಷಗಳು ಕಳೆದಂತೆ ಆ ಅಂತರ ಇಳಿಯುತ್ತ, ಹತ್ತು ವರ್ಷಗಳ ಬಳಿಕ ಹೆಚ್ಚುಕಡಿಮೆ ಇಲ್ಲವಾಯಿತು.

ಅದೇ ವರ್ಷ ಪ್ರಕಟವಾದ ಇನ್ನೊಂದು ಸ್ವೀಡಿಷ್ ಅಧ್ಯಯನದ ಪ್ರಕಾರ ರುಮಟಾಯ್ಡ್ ಸಂಧಿವಾತವಿದ್ದ ಸಾವಿರ ಜನರಲ್ಲಿ ವರ್ಷಕ್ಕೆ ಸುಮಾರು ಆರು ಮಂದಿಗೆ ಅಭಿಧಮನಿಯ ಹೆಪ್ಪು ಕಾಣಿಸಿಕೊಂಡರೆ, ಅದೇ ವಯಸ್ಸಿನ ಇತರರಲ್ಲಿ ಆ ಸಂಖ್ಯೆ ಮೂರರ ಆಸುಪಾಸಿನಲ್ಲಿತ್ತು. ಎರಡು ಪಟ್ಟು ಎಂದಾಕ್ಷಣ ಹೌಹಾರುವ ಓದುಗರು ಈ ಲೆಕ್ಕದ ಮತ್ತೊಂದು ಮಗ್ಗುಲನ್ನೂ ನೋಡಬೇಕು. ಸಾವಿರದಲ್ಲಿ 990ಕ್ಕೂ ಹೆಚ್ಚು ರೋಗಿಗಳಿಗೆ ಆ ವರ್ಷ ಏನೂ ಆಗಿರಲಿಲ್ಲ.

ಮಹತ್ವದ ಮಾತು ಬಂದದ್ದು 2021ರಲ್ಲಿ. ಸಂಧಿವಾತದ 46 ಸಾವಿರಕ್ಕೂ ಹೆಚ್ಚು ಸ್ವೀಡಿಷ್ ರೋಗಿಗಳ ಕಾಯಿಲೆಯ ತೀವ್ರತೆಯನ್ನು ಹೆಪ್ಪಿನೊಂದಿಗೆ ತಾಳೆ ಹಾಕಿ ನೋಡಿದಾಗ, ಬೇನೆ ಸಂಪೂರ್ಣ ಶಮನದಲ್ಲಿದ್ದವರಲ್ಲಿ ಒಂದು ವರ್ಷದೊಳಗೆ ಇನ್ನೂರಕ್ಕೊಬ್ಬರಿಗೆ ಹೆಪ್ಪುಗಟ್ಟಿದರೆ, ಬೇನೆ ಉಲ್ಬಣದಲ್ಲಿದ್ದವರಲ್ಲಿ ನೂರಕ್ಕೊಬ್ಬರಿಗೆ ಕಟ್ಟಿತ್ತು. ಕಾಯಿಲೆಯ ಹೆಸರು ಅಂಟಿಕೊಂಡ ಮಾತ್ರಕ್ಕೆ ಅಪಾಯ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಅದು ಬೇನೆಯೊಂದಿಗೆ ಏರುತ್ತದೆ, ಬೇನೆಯೊಂದಿಗೆ ಇಳಿಯುತ್ತದೆ. ಕರುಳಿನ ಉರಿಯೂತದ ರೋಗಿಗಳ ಬಗ್ಗೆ 2010ರಲ್ಲಿ ಬ್ರಿಟನ್ನಿನಿಂದ ಬಂದ ವರದಿಯೂ ಇದನ್ನೇ ಹೇಳಿತ್ತು. ಒಟ್ಟಾರೆ ಅಪಾಯ ಸುಮಾರು ಮೂರು ಪಟ್ಟು, ರಕ್ತಭೇದಿ, ಹೊಟ್ಟೆನೋವು ಕೆರಳಿದ ವಾರಗಳಲ್ಲಿ ಎಂಟು ಪಟ್ಟು. ಆಸ್ಪತ್ರೆ ಸೇರದೆ ಮನೆಯಲ್ಲೇ ಉಳಿದು ಕೆರಳಿಕೆಯನ್ನು ಅನುಭವಿಸಿದವರಲ್ಲಂತೂ ಆರೋಗ್ಯವಂತರಿಗೆ ಹೋಲಿಸಿದರೆ ಸುಮಾರು 16 ಪಟ್ಟು.

ಲೂಪಸ್ ಕಾಯಿಲೆಯದು ಪ್ರತ್ಯೇಕ ಪ್ರಕರಣ. ಈ ರೋಗಿಗಳಲ್ಲಿ ಮೂರನೇ ಒಂದು ಪಾಲಿನಷ್ಟು ಜನರ ರಕ್ತದಲ್ಲಿ ಆಂಟಿಫಾಸ್ಫೋಲಿಪಿಡ್ ಎಂಬ ಪ್ರತಿಕಾಯಗಳಿರುತ್ತವೆ. ಅವು ನೇರವಾಗಿ ಹೆಪ್ಪನ್ನು ಪ್ರಚೋದಿಸುತ್ತವೆ. ಲಂಡನ್ನಿನ ವೈದ್ಯ ಗ್ರಹಾಂ ಹ್ಯೂಸ್ 1983ರಲ್ಲಿ ವಿವರಿಸಿದ ಈ ಸ್ಥಿತಿಯಲ್ಲಿ ಕಾಲಿನ ಹೆಪ್ಪು, ಎಳೆ ವಯಸ್ಸಿನಲ್ಲಿ ಪಾರ್ಶ್ವವಾಯು, ಮೇಲಿಂದ ಮೇಲೆ ಗರ್ಭಪಾತ ಕಾಣಿಸಿಕೊಳ್ಳುತ್ತವೆ. ಮೂರು ಬಾರಿ ಗರ್ಭ ನಿಲ್ಲದ ಹೆಣ್ಣುಮಗಳಿಗೆ ಊರವರು ಹಚ್ಚುವ ಹೆಸರುಗಳನ್ನು ನೆನೆದರೆ ಈ ರಕ್ತಪರೀಕ್ಷೆಯ ಬೆಲೆ ಅರಿವಾಗುತ್ತದೆ. ಪರೀಕ್ಷೆಯನ್ನು 12 ವಾರಗಳ ಅಂತರದಲ್ಲಿ ಎರಡು ಬಾರಿ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಖಚಿತವಾದವರಿಗೆ ಗರ್ಭಾವಸ್ಥೆಯಲ್ಲಿ ಕಡಿಮೆ ಪ್ರಮಾಣದ ಆಸ್ಪಿರಿನ್ ಹಾಗೂ ಹೆಪಾರಿನ್ ಕೊಡುವ ಚಿಕಿತ್ಸೆ ಇದೆ.

ಕ್ಷಯವೂ ದೀರ್ಘಕಾಲದ ಉರಿಯೂತವೇ. ತೀವ್ರ ಕ್ಷಯದ ರೋಗಿಗಳಲ್ಲಿ ಕಾಲಿನ ಹೆಪ್ಪು ಅಪರೂಪವಲ್ಲ ಎಂಬುದನ್ನು ಭಾರತದ ವೈದ್ಯರು ಮರೆಯುವಂತಿಲ್ಲ.

ಕಲ್ಲಿನ ದೂಳಿನ ಪಾತ್ರ

ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಎಂಟನೆಯ ಶತಮಾನದಲ್ಲಿ ಲೋಕಮಹಾದೇವಿ ಕಟ್ಟಿಸಿದ ಇಲ್ಲಿನ ವಿರೂಪಾಕ್ಷ ದೇವಾಲಯದ ಶಾಸನಗಳು ಅದನ್ನು ಕಟ್ಟಿದ ಸೂತ್ರಧಾರಿಗಳನ್ನು ಹೆಸರಿಸಿ ಗೌರವಿಸಿವೆ. ಕಲ್ಲು ಕೆತ್ತಿದವರ ಹೆಸರು ಉಳಿಸಿದ ಊರು ಇದು. ಕೆತ್ತಿದವರ ಎದೆಯೊಳಗೆ ಇಳಿದ ದೂಳಿನ ಲೆಕ್ಕ ಶಾಸನದಲ್ಲಿ ಸಿಗುವಂಥದ್ದಲ್ಲ.

ಬಾದಾಮಿ, ಪಟ್ಟದಕಲ್ಲುಗಳ ಮರಳುಗಲ್ಲಿನ ಮುಖ್ಯ ಅಂಶ ಸ್ಫಟಿಕ ಶಿಲೆ, ಎಂದರೆ ಸಿಲಿಕಾ. ದೇಶ ವಿದೇಶಗಳಿಗೆ ಹೋಗುವ ಇಳಕಲ್ಲಿನ ಕೆಂಪು ಗ್ರಾನೈಟ್‌ನಲ್ಲೂ ಅದು ಸಾಕಷ್ಟಿದೆ. ಕಲ್ಲನ್ನು ಯಂತ್ರದಿಂದ ಕೊರೆದಾಗ, ಕತ್ತರಿಸಿದಾಗ, ಜಲ್ಲಿ ಮಾಡಿದಾಗ ಏಳುವ ದೂಳಿನಲ್ಲಿ ಕಣ್ಣಿಗೆ ಕಾಣುವ ಭಾಗಕ್ಕಿಂತ ಕಾಣದ ಭಾಗವೇ ಹೆಚ್ಚು ಅಪಾಯಕಾರಿ. ಆ ಸೂಕ್ಷ್ಮ ಕಣಗಳು ಶ್ವಾಸಕೋಶದ ತಳಕ್ಕಿಳಿದು ಅಲ್ಲಿಯೇ ನೆಲೆಸುತ್ತವೆ. ಅವನ್ನು ನುಂಗಲು ಹೋದ ರಕ್ಷಕ ಜೀವಕೋಶಗಳು ಸಾಯುತ್ತವೆ, ಉರಿಯೂತ ಮುಗಿಯದೆ ಮುಂದುವರಿಯುತ್ತದೆ. ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಹೀಗೆ ಬರುತ್ತದೆಂಬುದು ಬಹಳ ಜನರಿಗೆ ಗೊತ್ತು. ಅದೇ ದೂಳು ಕೀಲುಗಳನ್ನೂ ಚರ್ಮವನ್ನೂ ಕಾಡುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ.

1914ರಲ್ಲಿ ಎಡಿನ್‌ಬರೊದ ವೈದ್ಯ ಬೈರಮ್ ಬ್ರಾಮ್‌ವೆಲ್ ಚರ್ಮ ಗಡುಸಾಗುವ ಸ್ಕ್ಲಿರೋಡರ್ಮಾ ಕಾಯಿಲೆ ಕಲ್ಲುಕುಟಿಗರಲ್ಲಿ ಹೆಚ್ಚಾಗಿ ಕಾಣುತ್ತಿದೆ ಎಂದು ಬರೆದಿದ್ದರು. 1953ರಲ್ಲಿ ವೇಲ್ಸ್‌ನ ಗಣಿ ಕಾರ್ಮಿಕರ ಎಕ್ಸ್-ರೇಗಳನ್ನು ನೋಡುತ್ತಿದ್ದ ಆಂಟನಿ ಕ್ಯಾಪ್ಲನ್, ಕೀಲುವಾತವಿದ್ದವರ ಶ್ವಾಸಕೋಶದಲ್ಲಿ ವಿಶಿಷ್ಟವಾದ ಗಂಟುಗಳನ್ನು ಗುರುತಿಸಿದರು. ಕಲ್ಲು ಕೊರೆಯುವ, ಒಡೆಯುವ ಗಂಡಸರಲ್ಲಿ ರುಮಟಾಯ್ಡ್ ಸಂಧಿವಾತ ಹೆಚ್ಚು, ಅವರು ಬೀಡಿ ಸಿಗರೇಟು ಸೇದುವವರಾದರೆ ಇನ್ನೂ ಹೆಚ್ಚು ಎಂದು ಈ ಶತಮಾನದ ಮೊದಲ ದಶಕದ ಸ್ವೀಡಿಷ್ ಅಧ್ಯಯನಗಳು ಹೇಳಿವೆ. ದೂಳಿನಿಂದ ಉರಿಯೂತ, ಉರಿಯೂತದಿಂದ ಹೆಪ್ಪು. ಈ ಸರಪಳಿಯ ಮೊದಲ ಕೊಂಡಿಯನ್ನು ಕಲ್ಲಿನ ಕಣದಲ್ಲಿಯೇ ತುಂಡರಿಸಬಹುದು. ನೀರು ಹನಿಸುತ್ತ ಕೊರೆಯುವುದು, ದೂಳು ಹೀರುವ ಯಂತ್ರ, ಸರಿಯಾದ ಮುಖಗವಸು ಇವೇ ಉಪಾಯಗಳು. ಬಾಯಿಗೆ ಕಟ್ಟಿಕೊಂಡ ಟವೆಲ್ಲು ಈ ಕಣಗಳನ್ನು ತಡೆಯಲಾರದು. ಕಲ್ಲಿನ ಕೆಲಸ ಮಾಡಿದವರು ಕೀಲುಬೇನೆಯೆಂದು ವೈದ್ಯರ ಬಳಿ ಹೋದಾಗ ತಮ್ಮ ಕಸುಬನ್ನು ಹೇಳಿಕೊಳ್ಳುವುದೂ ಅಷ್ಟೇ ಅಗತ್ಯ. ಕಸುಬು ಕೇಳದೆ ಬರೆದ ಔಷಧ ಚೀಟಿ ಅರ್ಧ ಚೀಟಿಯೇ ಸರಿ.

ಮಗ್ಗದ ವಿಷಯದಲ್ಲಿ ಸಮಾಧಾನದ ಒಂದು ಮಾತುಂಟು. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ನೇಯುವ ಗುಂಡಿ ಮಗ್ಗದಲ್ಲಿ ನೇಕಾರರು ದಿನವಿಡೀ ಕುಳಿತೇ ಇದ್ದರೂ ಕಾಲು ಸುಮ್ಮನಿರುವುದಿಲ್ಲ, ಹಲಗೆ ತುಳಿಯುತ್ತಲೇ ಇರುತ್ತದೆ. ಮೀನಖಂಡದ ಸ್ನಾಯು ಹಿಂಡಿದಾಗಲೆಲ್ಲ ಕಾಲಿನ ರಕ್ತ ಮೇಲಕ್ಕೆ ತಳ್ಳಲ್ಪಡುತ್ತದೆ. ಅಪಾಯ ಶುರುವಾಗುವುದು ಬೇನೆ ಹೆಚ್ಚಾಗಿ ಮಗ್ಗ ಬಿಟ್ಟು ಹಾಸಿಗೆ ಹಿಡಿದಾಗ.

ಮೋಸ ಮಾಡುವ ಬಾವು

ಎರಡೂ ಮೊಣಕಾಲು, ಎರಡೂ ಮಣಿಕಟ್ಟು ಬಾತು, ಬೆಳಗಿನ ಹೊತ್ತು ಬಿಗಿತ ಹೆಚ್ಚಿದ್ದರೆ ಅದು ಕೀಲಿನ ಉರಿಯೂತದ ಲಕ್ಷಣ. ಒಂದೇ ಕಾಲು, ಅದರಲ್ಲೂ ಮೊಣಕಾಲಿನ ಕೆಳಗಿನ ಭಾಗ ಅಥವಾ ಇಡೀ ಕಾಲು ಬಾತು, ಬಿಸಿಯಾಗಿ, ಚರ್ಮದ ಬಣ್ಣ ಬದಲಾಗಿ, ಮೀನಖಂಡ ಮುಟ್ಟಿದರೆ ನೋಯುತ್ತಿದ್ದರೆ ಹೆಪ್ಪಿನ ಸಂಶಯ ಪಡಬೇಕು. ಎರಡು ಕಾಲುಗಳ ಸುತ್ತಳತೆಯನ್ನು ಟೇಪಿನಿಂದ ಅಳೆದಾಗ ಮೂರು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ವೈದ್ಯರು ಅದನ್ನು ಗಂಭೀರವಾಗಿ ಪರಿಗಣಿಸುತ್ತಾರೆ. ಆದರೆ ಲಕ್ಷಣಗಳು ಯಾವಾಗಲೂ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಸಂಧಿವಾತದವರಲ್ಲಿ ಮೊಣಕಾಲಿನ ಹಿಂಬದಿಗೆ ನೀರಿನ ಗಂಟೊಂದು ಬೆಳೆಯುವುದುಂಟು. ಅದು ಒಡೆದು ದ್ರವ ಮೀನಖಂಡಕ್ಕಿಳಿದಾಗ ಕಾಲು ಥೇಟ್ ಹೆಪ್ಪುಗಟ್ಟಿದ ಕಾಲಿನಂತೆಯೇ ಕಾಣುತ್ತದೆ. ಒಂದಕ್ಕೆ ರಕ್ತ ತೆಳುಗೊಳಿಸುವ ಔಷಧ ಬೇಕು, ಇನ್ನೊಂದಕ್ಕೆ ಅದೇ ಔಷಧ ಕೊಟ್ಟರೆ ಒಳಗೆ ರಕ್ತಸ್ರಾವವಾಗಬಹುದು. ಅನುಭವಿ ವೈದ್ಯರೂ ಬರಿಗಣ್ಣಿನಿಂದ ಇವೆರಡನ್ನು ಬೇರ್ಪಡಿಸಲಾರರು. ಡಾಪ್ಲರ್ ಸ್ಕ್ಯಾನ್ ಮಾಡಿಸಲೇಬೇಕು.

ಡಿ-ಡೈಮರ್ ಪರೀಕ್ಷೆ ಇಲ್ಲಿ ಅರ್ಧ ನೆರವಿಗೆ ಬರುತ್ತದೆ. ವೈದ್ಯರ ತಪಾಸಣೆಯಲ್ಲಿ ಸಂಶಯ ಕಡಿಮೆಯಿದ್ದು, ಫಲಿತಾಂಶವೂ ಸಹಜ ಮಟ್ಟದಲ್ಲಿದ್ದರೆ ಹೆಪ್ಪಿಲ್ಲವೆಂದು ಬಹುಮಟ್ಟಿಗೆ ನಂಬಬಹುದು. ಹೆಚ್ಚಿದ್ದರೆ ಏನನ್ನೂ ಹೇಳಲಾಗದು, ಏಕೆಂದರೆ ಉರಿಯೂತವೊಂದೇ ಸಾಕು ಅದನ್ನು ಏರಿಸಲು.

ಉತ್ತರ ಕರ್ನಾಟಕದಲ್ಲಿ ಗೊಂದಲಕ್ಕೆ ಇನ್ನೊಂದು ಕಾರಣವಿದೆ. 2006ರ ಚಿಕೂನ್‌ಗುನ್ಯಾ ಹಾವಳಿಯಲ್ಲಿ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾಗಿದ್ದವು. ಜ್ವರ ಇಳಿದ ಬಳಿಕವೂ ತಿಂಗಳುಗಟ್ಟಲೆ ಕೀಲು ಹಿಡಿದುಕೊಂಡ ಅನುಭವ ಹಳ್ಳಿ ಹಳ್ಳಿಗಳಿಗೆ ಆಯಿತು. ಕೀಲು ನೋಯುತ್ತಿದೆ ಎಂದರೆ ಅದೇ ಹಳೆಯ ಜ್ವರದ ಉಳಿಕೆಯೆಂದು ತಳ್ಳಿಹಾಕುವುದು ಸುಲಭವಾಯಿತು. ಆರು ವಾರ ಮೀರಿದ ಕೀಲಿನ ಬಾವಿಗೆ ತಪಾಸಣೆ ಆಗಲೇಬೇಕು.

ಹೆಪ್ಪಿನ ಸಂಶಯವಿರುವ ಕಾಲನ್ನು ಬಲವಾಗಿ ತಿಕ್ಕಬಾರದು. ಹಠಾತ್ತನೆ ಉಸಿರು ಕಟ್ಟುವುದು, ಉಸಿರೆಳೆದಾಗ ಎದೆಯಲ್ಲಿ ಚುಚ್ಚಿದಂತಾಗುವುದು, ಕೆಮ್ಮಿನಲ್ಲಿ ರಕ್ತ, ತಲೆ ತಿರುಗಿ ಬೀಳುವುದು ಇವುಗಳಲ್ಲಿ ಯಾವುದೇ ಒಂದು ಕಂಡರೂ ಹೆಪ್ಪು ಶ್ವಾಸಕೋಶಕ್ಕೆ ತಲುಪಿರಬಹುದೆಂದು ತಿಳಿದು 108ಕ್ಕೆ ಕರೆ ಮಾಡಬೇಕು. ಬೆಳಗಾಗಲಿ ಎಂದು ಕಾಯುವ ಕಾಯಿಲೆ ಇದಲ್ಲ. ಪಟ್ಟದಕಲ್ಲಿನಿಂದ ತಾಲ್ಲೂಕು ಕೇಂದ್ರವಾದ ಬಾದಾಮಿ ಸುಮಾರು 22 ಕಿಲೋಮೀಟರ್ ದೂರವಿದೆ. ಜಿಲ್ಲಾ ಕೇಂದ್ರ ಬಾಗಲಕೋಟೆಯಲ್ಲಿ ಜಿಲ್ಲಾ ಆಸ್ಪತ್ರೆಯ ಜೊತೆಗೆ, 2002ರಲ್ಲಿ ಆರಂಭವಾದ ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯಕ್ಕೆ ಸೇರಿದ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಇದೆ.

ಔಷಧಗಳ ಎರಡು ಮುಖ

ಬೇನೆ ಹತೋಟಿಯಲ್ಲಿದ್ದರೆ ಹೆಪ್ಪಿನ ಅಪಾಯವೂ ಇಳಿಯುತ್ತದೆ ಎಂದಾದರೆ, ಮೆಥೊಟ್ರೆಕ್ಸೇಟ್‌ನಂಥ ಮಾತ್ರೆಯನ್ನು ತಪ್ಪದೆ ನುಂಗುವುದೇ ಮೊದಲ ರಕ್ಷಣೆ ಎಂದಂತಾಯಿತು. ಸ್ವಲ್ಪ ಗುಣ ಕಂಡಕೂಡಲೇ ಮಾತ್ರೆ ಬಿಡುವವರು ಈ ಮಾತನ್ನು ಗಮನಿಸಬೇಕು. ಆದರೆ ಎಲ್ಲ ಔಷಧಗಳೂ ಈ ಲೆಕ್ಕದಲ್ಲಿ ಒಂದೇ ಅಲ್ಲ.

ಸ್ಟೀರಾಯ್ಡ್ ಮಾತ್ರೆ ಬೇನೆಯನ್ನು ಬೇಗ ತಗ್ಗಿಸುತ್ತದೆ, ನಿಜ. ಅದನ್ನು ಸೇವಿಸುವವರಲ್ಲಿ, ಅದರಲ್ಲೂ ಹೊಸದಾಗಿ ಆರಂಭಿಸಿದವರಲ್ಲಿ ಅಭಿಧಮನಿಯ ಹೆಪ್ಪು ಹೆಚ್ಚೆಂದು 2013ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನ ತೋರಿಸಿದೆ. ಹೆಸರು ಬರೆಯದ ಪೊಟ್ಟಣಗಳಲ್ಲಿ ಕೀಲುನೋವಿಗೆಂದು ಸಿಗುವ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಹಲವು ಬಾರಿ ಪತ್ತೆಯಾಗಿದೆ. ಎರಡೇ ದಿನದಲ್ಲಿ ಮಾಯಮಂತ್ರದಂತೆ ನೋವು ಹೋಯಿತೆಂದರೆ ಸಂತೋಷಕ್ಕಿಂತ ಸಂಶಯವೇ ಲೇಸು. ಆದರೆ ತಿಂಗಳುಗಟ್ಟಲೆ ಸೇವಿಸಿದ ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ. ಅದನ್ನು ವೈದ್ಯರೇ ಹಂತ ಹಂತವಾಗಿ ಇಳಿಸಬೇಕು.

ಟೊಫಾಸಿಟಿನಿಬ್ ಇನ್ನೊಂದು ಉದಾಹರಣೆ. ದೇಶೀ ಕಂಪನಿಗಳು ತಯಾರಿಸತೊಡಗಿದ ಮೇಲೆ ಭಾರತದಲ್ಲಿ ಇದರ ಬೆಲೆ ಇಳಿದು ಬಳಕೆ ಏರಿದೆ. 50 ದಾಟಿದ, ಹೃದ್ರೋಗಕ್ಕೆ ಕನಿಷ್ಠ ಒಂದಾದರೂ ಕಾರಣವಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಸಂಧಿವಾತದ ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ದಿನಕ್ಕೆರಡು ಬಾರಿ 10 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಹೆಪ್ಪು ಹೆಚ್ಚಾಗಿ ಕಂಡುಬಂತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲೇ ಈ ಬಗ್ಗೆ ಕಠಿಣ ಎಚ್ಚರಿಕೆ ಹೊರಡಿಸಿತ್ತು. ಹಿಂದೆ ಹೆಪ್ಪುಗಟ್ಟಿದ್ದವರು, ವಯಸ್ಸಾದವರು, ಧೂಮಪಾನಿಗಳು ಈ ಮಾತ್ರೆ ಆರಂಭಿಸುವ ಮುನ್ನ ಆ ವಿಷಯವನ್ನು ವೈದ್ಯರಿಗೆ ಬಿಡಿಸಿ ಹೇಳಬೇಕು. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಗುಳಿಗೆಗೂ ಇದೇ ಮಾತು ಅನ್ವಯಿಸುತ್ತದೆ. ಆಂಟಿಫಾಸ್ಫೋಲಿಪಿಡ್ ಪ್ರತಿಕಾಯವಿರುವ ಮಹಿಳೆಯರು ಆ ಗುಳಿಗೆಯನ್ನು ಮುಟ್ಟಲೇಬಾರದು.

ಮಹಿಳೆಯರ ಮಾತು ಬಂದಾಗ ಬಾಣಂತನವನ್ನು ಬಿಡುವಂತಿಲ್ಲ. ಹೆರಿಗೆಯ ನಂತರದ ಆರು ವಾರಗಳಲ್ಲಿ ಎಲ್ಲ ಹೆಂಗಸರಲ್ಲೂ ರಕ್ತ ಹೆಪ್ಪಿನ ಕಡೆಗೆ ವಾಲಿರುತ್ತದೆ. ಬಾಣಂತಿಯರ ಮೆದುಳಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟುವ ಪ್ರಕರಣಗಳನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರರೋಗ ತಜ್ಞರು 1980ರ ದಶಕದಿಂದಲೇ ದಾಖಲಿಸಿದ್ದಾರೆ. ರಕ್ತಹೀನತೆ, ಸೋಂಕು, ನೀರಿನ ಕೊರತೆ ಅದಕ್ಕೆ ಪೂರಕ. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಕೆಲವು ಮನೆಗಳಲ್ಲಿ ಇನ್ನೂ ಉಳಿದಿರುವುದು ವಿಷಾದದ ಸಂಗತಿ. ಲೂಪಸ್ ಅಥವಾ ಸಂಧಿವಾತವಿರುವ ಬಾಣಂತಿಗೆ ತಡೆಯಲಾಗದ ತಲೆನೋವು, ಫಿಟ್ಸ್, ಕೈಕಾಲಿನ ಬಲಹೀನತೆ ಬಂದರೆ ದೃಷ್ಟಿ ತೆಗೆಯುತ್ತ ಕೂಡದೆ ಆಸ್ಪತ್ರೆಗೆ ಒಯ್ಯಬೇಕು.

ಆಸ್ಪತ್ರೆಯಲ್ಲಿ, ಪ್ರಯಾಣದಲ್ಲಿ

ಉರಿಯೂತದ ಕಾಯಿಲೆಯವರು ಬೇರಾವುದೋ ಕಾರಣಕ್ಕೆ ಆಸ್ಪತ್ರೆಯಲ್ಲಿ ಮಲಗಿದಾಗ, ಮೊಣಕಾಲು ಬದಲಿಯಂಥ ಶಸ್ತ್ರಚಿಕಿತ್ಸೆಗೆ ಒಳಗಾದಾಗ ಹೆಪ್ಪು ತಡೆಯುವ ಚುಚ್ಚುಮದ್ದು ಬೇಕೇ ಎಂಬ ಪ್ರಶ್ನೆಯನ್ನು ಕೇಳಲೇಬೇಕು. 32 ದೇಶಗಳ ಆಸ್ಪತ್ರೆಗಳನ್ನು ಒಳಗೊಂಡು 2008ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಅಪಾಯದಲ್ಲಿದ್ದ ರೋಗಿಗಳ ಪೈಕಿ ಅರ್ಧದಷ್ಟು ಜನರಿಗೆ ಇಂಥ ರಕ್ಷಣೆ ಸಿಕ್ಕಿದ್ದರೆ, ಭಾರತದ ಆಸ್ಪತ್ರೆಗಳಲ್ಲಿ ಆ ಪ್ರಮಾಣ ಶೇಕಡ 17ರ ಆಸುಪಾಸಿನಲ್ಲಿತ್ತು. ಭಾರತೀಯರಿಗೆ ಹೆಪ್ಪುಗಟ್ಟುವುದು ಕಡಿಮೆ ಎಂಬ ಹಳೆಯ ನಂಬಿಕೆಯೂ ಇದಕ್ಕೆ ಒಂದು ಕಾರಣ. ಹುಡುಕದಿದ್ದರೆ ಯಾವ ಕಾಯಿಲೆಯೂ ಕಡಿಮೆಯೇ.

ಕೀಲುರೋಗ ತಜ್ಞರು ಬಹುಪಾಲು ದೊಡ್ಡ ನಗರಗಳಲ್ಲಿಯೇ ಇರುವುದರಿಂದ ಈ ಭಾಗದ ರೋಗಿ ಚಿಕಿತ್ಸೆಗೆಂದು ಬೆಂಗಳೂರಿಗೆ ಹೋದರೆ ಇಡೀ ರಾತ್ರಿ ಬಸ್ಸಿನಲ್ಲಿ ಕಾಲು ಮಡಚಿ ಕೂಡಬೇಕು. ನಾಲ್ಕು ಗಂಟೆ ಮೀರಿದ ಪ್ರಯಾಣ, ಅದು ಬಸ್ಸಾಗಲಿ, ರೈಲಾಗಲಿ, ವಿಮಾನವಾಗಲಿ, ಹೆಪ್ಪಿನ ಅಪಾಯವನ್ನು ಸುಮಾರು ಎರಡು ಪಟ್ಟು ಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ವರದಿ ಮಾಡಿದೆ. ಬಸ್ಸು ನಿಂತಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕುವುದು, ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಶೌಚದ ತೊಂದರೆಗೆ ಹೆದರಿ ನೀರು ಬಿಡದಿರುವುದು ಕಷ್ಟದ ಕೆಲಸಗಳೇನಲ್ಲ. ಹೆಂಗಸರಿಗೆ ಕೊನೆಯದು ಕಷ್ಟವೇ ಎಂಬುದನ್ನು ಬಸ್ ನಿಲ್ದಾಣಗಳ ಶೌಚಾಲಯ ಕಂಡವರೆಲ್ಲ ಬಲ್ಲರು.

ಪುಂಡಿ ಪಲ್ಯ ಮತ್ತು ರಕ್ತ ತೆಳುಗೊಳಿಸುವ ಮಾತ್ರೆ

ಹೆಪ್ಪು ಖಚಿತವಾದರೆ ಮೊದಲಿಗೆ ಹೆಪಾರಿನ್ ಚುಚ್ಚುಮದ್ದು, ಬಳಿಕ ಮಾತ್ರೆ ಎಂಬುದು ಹಳೆಯ ಕ್ರಮ. ಭಾರತದಲ್ಲಿ ವಾರ್ಫರಿನ್‌ನಷ್ಟೇ ಅಸೆನೊಕೌಮರಾಲ್ ಎಂಬ ಮಾತ್ರೆಯೂ ಬಳಕೆಯಲ್ಲಿದೆ. ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂದು, 1954ರಲ್ಲಿ ಮನುಷ್ಯರ ಔಷಧವಾಯಿತು ಎಂಬುದನ್ನು ಕೇಳಿ ಹೆದರುವವರಿದ್ದಾರೆ. ಹೆದರಿಕೆಗಿಂತ ಲೆಕ್ಕಾಚಾರ ಮುಖ್ಯ. ಐಎನ್‌ಆರ್ ಎಂಬ ರಕ್ತಪರೀಕ್ಷೆಯ ಅಂಕಿ ಸಾಮಾನ್ಯವಾಗಿ 2 ಮತ್ತು 3ರ ನಡುವೆ ಇರುವಂತೆ ಪ್ರಮಾಣವನ್ನು ಹೊಂದಿಸಬೇಕು. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ.

ಈ ಮಾತ್ರೆಗಳು ವಿಟಮಿನ್ ಕೆ ವಿರುದ್ಧ ಕೆಲಸ ಮಾಡುತ್ತವೆ, ಆ ವಿಟಮಿನ್ ಹಸಿರು ಸೊಪ್ಪುಗಳಲ್ಲಿ ಹೇರಳ. ಜೋಳದ ರೊಟ್ಟಿಯ ಜೊತೆ ಪುಂಡಿ ಪಲ್ಯ, ಮೆಂತ್ಯೆ, ಹತ್ತರಕಿ ಇಲ್ಲದೆ ಊಟ ಸಾಗದ ಸೀಮೆಯಲ್ಲಿ ಸೊಪ್ಪು ತಿನ್ನಲೇಬೇಡಿ ಎಂದರೆ ಕೇಳುವವರಾರು? ಹಾಗೆ ಹೇಳಬೇಕಾದ್ದೂ ಇಲ್ಲ. ಸೊಪ್ಪು ಬಿಡುವುದಲ್ಲ, ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನುವುದು ಮುಖ್ಯ. ಮಳೆಗಾಲದಲ್ಲಿ ಹೊಲದ ಸೊಪ್ಪು ಹೇರಳವಾಗಿ ಬಂದಾಗ ಒಮ್ಮೆಲೇ ಹೆಚ್ಚು ತಿಂದು, ಬೇಸಿಗೆಯಲ್ಲಿ ಪೂರ್ತಿ ಬಿಟ್ಟರೆ ಐಎನ್‌ಆರ್ ಏರಿಳಿಯುತ್ತದೆ. ಹೊಂದಾಣಿಕೆಯಾಗದ ಔಷಧಗಳ ಪಟ್ಟಿ ಉದ್ದವಿದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಈ ಮಾತ್ರೆಗಳ ಪರಿಣಾಮವನ್ನು ಬಹಳಷ್ಟು ಕುಗ್ಗಿಸುತ್ತದೆ. ಕೀಲುನೋವಿಗೆ ಅಂಗಡಿಯಲ್ಲಿ ಕೇಳಿ ಪಡೆಯುವ ಡೈಕ್ಲೋಫೆನಾಕ್ ಜೊತೆಗೂಡಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು. ಕೀಲುಬೇನೆಯ ರೋಗಿಗೆ ಇದು ದೊಡ್ಡ ಸಂಕಟ. ಹೆಪ್ಪಿನ ಮಾತ್ರೆ ಶುರುವಾದ ದಿನದಿಂದ ರೂಢಿಯ ನೋವಿನ ಮಾತ್ರೆಯನ್ನು ವೈದ್ಯರ ಅನುಮತಿಯಿಲ್ಲದೆ ಮುಟ್ಟುವಂತಿಲ್ಲ.

ರಿವರಾಕ್ಸಬಾನ್, ಅಪಿಕ್ಸಬಾನ್ ಮುಂತಾದ ಹೊಸ ಮಾತ್ರೆಗಳಿಗೆ ಐಎನ್‌ಆರ್ ತಪಾಸಣೆಯೂ ಬೇಡ, ಸೊಪ್ಪಿನ ಚಿಂತೆಯೂ ಬೇಡ. ಪ್ರಯೋಗಾಲಯಕ್ಕೆ ಮತ್ತೆ ಮತ್ತೆ ಅಲೆಯಲಾಗದ ಹಳ್ಳಿಯವರಿಗೆ ಇವು ಅನುಕೂಲ. ಆದರೆ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳು ಮೂರು ಪರೀಕ್ಷೆಗಳಲ್ಲೂ ಕಂಡುಬಂದವರಲ್ಲಿ ರಿವರಾಕ್ಸಬಾನ್‌ಗಿಂತ ವಾರ್ಫರಿನ್ ಸುರಕ್ಷಿತವೆಂದು 2018ರಲ್ಲಿ ಇಟಲಿಯಿಂದ ಬಂದ ವರದಿ ತಿಳಿಸಿತು. ಆದ್ದರಿಂದ ಲೂಪಸ್ ರೋಗಿಯ ಹೆಪ್ಪಿಗೆ ಮಾತ್ರೆ ಆರಿಸುವ ಮುನ್ನ ಆ ರಕ್ತಪರೀಕ್ಷೆಯ ಫಲಿತಾಂಶ ಕೈಯಲ್ಲಿರಬೇಕು.

ಚಿಕಿತ್ಸೆ ಕನಿಷ್ಠ ಮೂರು ತಿಂಗಳು. ಶಸ್ತ್ರಚಿಕಿತ್ಸೆಯಂಥ ತಾತ್ಕಾಲಿಕ ಕಾರಣದಿಂದ ಹೆಪ್ಪುಗಟ್ಟಿದ್ದರೆ ಅಷ್ಟಕ್ಕೇ ನಿಲ್ಲಿಸಬಹುದು. ಉರಿಯೂತ ಇನ್ನೂ ಉರಿಯುತ್ತಲೇ ಇದ್ದರೆ ಕಾರಣವೂ ಉಳಿದಂತೆಯೇ, ಆಗ ಮಾತ್ರೆಯನ್ನು ಮುಂದುವರಿಸಬೇಕಾಗುತ್ತದೆ. ಕಾಲಿನ ಬಾವು ಇಳಿಯಿತೆಂದು ತಾವಾಗಿಯೇ ನಿಲ್ಲಿಸುವವರಲ್ಲಿ ಹೆಪ್ಪು ಮರಳುವ ಸಂಭವ ಹೆಚ್ಚು. ಮಾತ್ರೆ ಸೇವಿಸುವಷ್ಟು ಕಾಲ ಅದರ ಹೆಸರು, ಪ್ರಮಾಣ ಬರೆದ ಚೀಟಿ ಜೇಬಿನಲ್ಲಿರಬೇಕು. ಹಲ್ಲು ಕೀಳಿಸುವಾಗಲೂ, ಸೊಂಟಕ್ಕೆ ಚುಚ್ಚುಮದ್ದು ಹಾಕಿಸಿಕೊಳ್ಳುವಾಗಲೂ ಅದನ್ನು ಮೊದಲು ತೋರಿಸಬೇಕು.